ನುಂಗುವ ಶಕ್ತಿ ಕುಂದುವ ಮುನ್ನ
ಆಹಾರದ ನಳಿಕೆಯ ವಿಷಯದಲ್ಲಿ ಕುಟುಂಬಗಳು ತಿಳಿದಿರಬೇಕಾದ ಕೆಲವು ವಿಚಾರಗಳು



ಬಸದಿಯ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ತೀರ್ಥಂಕರರ ಚರಿತ್ರೆ, ವ್ರತಗಳ ಮಹಿಮೆ, ಪೂರ್ವಿಕರ ಸ್ಮರಣೆ ಇವುಗಳಿಗೆ ಸ್ಥಾನವಿರುವುದು ವಾಡಿಕೆ. ಅಂಥ ಪುಟಗಳ ನಡುವೆ ಆಸ್ಪತ್ರೆಯ ವಿಷಯವೊಂದನ್ನು ಬರೆಯಲು ನನಗೆ ಸಂಕೋಚವಾಗಿತ್ತು. ನಾನು ವೈದ್ಯನಲ್ಲ, ಪಂಡಿತನೂ ಅಲ್ಲ. ಎಸ್.ಎಸ್.ಎಲ್.ಸಿ.ಯವರೆಗೆ ಓದಿ, ನಲವತ್ತು ವರ್ಷಗಳಿಂದ ವಯನಾಡಿನಲ್ಲಿ ಕಾಳುಮೆಣಸು ಮತ್ತು ಕಾಫಿಯ ವ್ಯಾಪಾರ ಮಾಡಿಕೊಂಡು ಬಂದವನು. ಆದರೆ ನಮ್ಮ ಹಿರಿಯರು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ಹೇಳಿದ್ದಾರೆ. ಆಹಾರವೇ ಔಷಧವಾಗಬೇಕಾದ, ತಿಳಿವಳಿಕೆಯೇ ಅಭಯವಾಗಬೇಕಾದ ಕಾಲವೊಂದು ನಮ್ಮ ಮನೆಗೆ ಬಂದಿತ್ತು. ಆಗ ನಾವು ತಡವಾಗಿ ಕಲಿತದ್ದನ್ನು ಇತರರು ಮೊದಲೇ ತಿಳಿಯಲಿ ಎಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡವರಿದ್ದಾರೆ, ಮಲಯಾಳವೇ ರೂಢಿಯಾದವರಿದ್ದಾರೆ, ಗುಜರಾತಿ ಮನೆಮಾತಿನವರೂ ಉತ್ಸವಕ್ಕೆ ಬರುವುದುಂಟು. ಕನ್ನಡ ಓದಲು ಬಾರದ ಕಿರಿಯರಿಗೆ ಹಿರಿಯರು ದಯವಿಟ್ಟು ಓದಿ ಹೇಳಬೇಕೆಂದು ಪ್ರಾರ್ಥನೆ.

ನಮ್ಮ ಮನೆಗೆ ಬಂದ ಕಾಯಿಲೆ

2016ರ ಮಳೆಗಾಲದಲ್ಲಿ ನನ್ನ ಅಣ್ಣನವರ ಮಾತು ತೊದಲತೊಡಗಿತು. ಸ್ತೋತ್ರ ಪಠಿಸುವಾಗ ಅಕ್ಷರಗಳು ಒಂದರೊಳಗೊಂದು ಸೇರಿಕೊಳ್ಳುತ್ತಿದ್ದವು. ಹಲ್ಲಿನ ದೋಷವೆಂದರು ಕೆಲವರು, ಸಣ್ಣ ಪಾರ್ಶ್ವವಾಯು ಎಂದರು ಇನ್ನು ಕೆಲವರು. 2017ರ ಜೂನ್ ತಿಂಗಳಲ್ಲಿ ಘಾಟಿಯ ಕೆಳಗಿನ ಆಸ್ಪತ್ರೆಯೊಂದರಲ್ಲಿ ನರರೋಗ ತಜ್ಞರು ಪರೀಕ್ಷಿಸಿ, ಇದು ಮೋಟಾರ್ ನ್ಯೂರಾನ್ ಕಾಯಿಲೆ ಎಂದು ತಿಳಿಸಿದರು. ಇದನ್ನು ಎಂ.ಎನ್.ಡಿ. ಎಂದೂ, ಇದರ ಮುಖ್ಯ ಬಗೆಯನ್ನು ಎ.ಎಲ್.ಎಸ್. ಎಂದೂ ಕರೆಯುತ್ತಾರೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ ತಗಲಿದ ಕಾಯಿಲೆ ಇದೇ. ಅವರು 2018ರವರೆಗೆ ಬದುಕಿದ್ದರು. ಆದರೆ ಅದು ಬಹು ಅಪರೂಪದ ಸಂಗತಿ. ಹೆಚ್ಚಿನವರಲ್ಲಿ ಕಾಯಿಲೆ ಕೆಲವೇ ವರ್ಷಗಳಲ್ಲಿ ಮುಂದುವರಿಯುತ್ತದೆ.

ಮೆದುಳಿನಿಂದ ಸ್ನಾಯುಗಳಿಗೆ ಆಜ್ಞೆಯನ್ನು ಒಯ್ಯುವ ನರಕೋಶಗಳು ಈ ಕಾಯಿಲೆಯಲ್ಲಿ ಒಂದೊಂದಾಗಿ ನಶಿಸುತ್ತವೆ. ಕೆಲವರಿಗೆ ಕೈಕಾಲುಗಳಿಂದ ಆರಂಭವಾಗುತ್ತದೆ, ಕೆಲವರಿಗೆ ನಾಲಗೆ ಮತ್ತು ಗಂಟಲಿನಿಂದ. ಅಣ್ಣನವರದು ಎರಡನೆಯ ಬಗೆ. ಬುದ್ಧಿ ಹೆಚ್ಚಿನವರಲ್ಲಿ ಸ್ಪಷ್ಟವಾಗಿಯೇ ಉಳಿಯುತ್ತದೆ. ಕೆಲವರಲ್ಲಿ ಮಾತ್ರ ಸ್ವಭಾವ ಮತ್ತು ವಿವೇಚನೆಯಲ್ಲಿ ವ್ಯತ್ಯಾಸ ಕಾಣಬಹುದು. ರಿಲುಜೋಲ್ ಎಂಬ ಮಾತ್ರೆ ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ, ಗುಣಪಡಿಸುವುದಿಲ್ಲ.

ಆ ದಿನವೇ ತಜ್ಞರು, ಮುಂದೆ ನುಂಗುವುದು ಕಷ್ಟವಾಗುವುದೆಂದೂ ಹೊಟ್ಟೆಗೆ ನಳಿಕೆ ಇಡುವ ವಿಷಯವನ್ನು ಈಗಿನಿಂದಲೇ ಯೋಚಿಸಬೇಕೆಂದೂ ಹೇಳಿದ್ದರು. ನಾವು ಆ ಮಾತನ್ನು ಕೇಳಿಯೂ ಕೇಳದವರಂತೆ ಮನೆಗೆ ಬಂದೆವು. ನಳಿಕೆ ಎಂದರೆ ಕೊನೆ ಎಂಬ ಭಾವನೆ ನಮ್ಮೆಲ್ಲರಲ್ಲಿ ಇತ್ತು. "ಟ್ಯೂಬ್ ಹಾಕಿದ ಮೇಲೆ ಮನುಷ್ಯ ಎದ್ದು ಕೂರುವುದುಂಟೇ?" ಎಂದು ಬಂಧುಗಳೊಬ್ಬರು ಕೇಳಿದಾಗ ಯಾರೂ ಉತ್ತರಿಸಲಿಲ್ಲ.

ಗಮನಿಸಬೇಕಾದ ಲಕ್ಷಣಗಳು

ನುಂಗುವ ತೊಂದರೆ ಒಂದೇ ದಿನ ಬರುವುದಿಲ್ಲ. ಮೊದಲು ತೊಂದರೆ ಕೊಡುವುದು ಗಟ್ಟಿ ಅನ್ನವಲ್ಲ, ತಿಳಿಯಾದ ನೀರು. ನೀರು ವೇಗವಾಗಿ ಜಾರಿ, ಗಂಟಲು ಮುಚ್ಚಿಕೊಳ್ಳುವ ಮೊದಲೇ ಶ್ವಾಸನಾಳದ ಕಡೆಗೆ ಹೋಗುತ್ತದೆ. ಅಣ್ಣನವರು ನೀರು ಕುಡಿದ ಕೂಡಲೇ ಕೆಮ್ಮುತ್ತಿದ್ದರು. ಊಟದ ನಂತರ ಅವರ ಧ್ವನಿ ನೀರಿನಲ್ಲಿ ಅದ್ದಿದಂತೆ ಗೊರಗೊರ ಎನ್ನುತ್ತಿತ್ತು. ಅನ್ನದ ಅಗುಳು ಕೆನ್ನೆಯ ಸಂದಿಯಲ್ಲಿ ಉಳಿಯುತ್ತಿತ್ತು. ಜೊಲ್ಲು ಸುರಿಯುತ್ತದೆಂದು ಅವರು ಕೈಯಲ್ಲಿ ಯಾವಾಗಲೂ ವಸ್ತ್ರ ಹಿಡಿದಿರುತ್ತಿದ್ದರು. ಇಪ್ಪತ್ತು ನಿಮಿಷದ ಊಟಕ್ಕೆ ಒಂದೂವರೆ ಗಂಟೆ ಹಿಡಿಯತೊಡಗಿತು.

ಇಲ್ಲಿ ನಮ್ಮ ಮನೆಗೇ ವಿಶೇಷವಾದ ಒಂದು ತೊಡಕು ಇತ್ತು. ಅಣ್ಣನವರು ಮೂವತ್ತು ವರ್ಷಗಳಿಂದ ರಾತ್ರಿಭೋಜನ ತ್ಯಾಗದ ವ್ರತವನ್ನು ಪಾಲಿಸಿದವರು. ಸೂರ್ಯಾಸ್ತದೊಳಗೆ ಊಟ ಮುಗಿಯದಿದ್ದರೆ ಅರ್ಧ ತಟ್ಟೆಯಲ್ಲೇ ಕೈ ತೊಳೆಯುತ್ತಿದ್ದರು. ಇತರರ ಎದುರು ಕೆಮ್ಮು ಬರುವುದೆಂದು ನಾಚಿ, ಮದುವೆ ಮುಂಜಿಗಳಲ್ಲಿ "ಇಂದು ಉಪವಾಸ" ಎನ್ನತೊಡಗಿದರು. ನಾವು ಅವರ ಧರ್ಮಶ್ರದ್ಧೆ ಹೆಚ್ಚಿತೆಂದು ಸಂತೋಷಪಟ್ಟೆವು. ಅದು ಶ್ರದ್ಧೆಯ ಜೊತೆಗೆ ನುಂಗಲಾರದ ಕಷ್ಟವೂ ಆಗಿತ್ತೆಂಬುದು ತಿಳಿದದ್ದು ಬಹಳ ನಂತರ. ಆದುದರಿಂದ ಕಾಯಿಲೆಯವರು ಹಠಾತ್ತಾಗಿ ಹೆಚ್ಚು ಉಪವಾಸ ಮಾಡತೊಡಗಿದರೆ, ಮನೆಯವರು ಒಮ್ಮೆ ಪಕ್ಕದಲ್ಲಿ ಕುಳಿತು ಅವರ ಊಟವನ್ನು ನೋಡಬೇಕು.

ಈ ಹಂತದಲ್ಲಿ ಮಾತು ಮತ್ತು ನುಂಗುವಿಕೆಯ ಚಿಕಿತ್ಸಕರನ್ನು ಕಾಣುವುದು ಉಪಯುಕ್ತ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂಥ ತಜ್ಞರನ್ನು ತರಬೇತುಗೊಳಿಸುವ ಸಂಸ್ಥೆ. ಆಹಾರವನ್ನು ಎಷ್ಟು ಗಟ್ಟಿಯಾಗಿಸಬೇಕು, ಗದ್ದವನ್ನು ಎದೆಯ ಕಡೆಗೆ ಬಾಗಿಸಿ ನುಂಗುವುದರಿಂದ ಪ್ರಯೋಜನವಿದೆಯೇ ಎಂಬುದನ್ನು ಅವರು ಪರೀಕ್ಷಿಸಿ ಹೇಳುತ್ತಾರೆ. ಇವುಗಳಿಂದ ಕೆಲವು ತಿಂಗಳುಗಳು ಸುಗಮವಾಗುತ್ತವೆ. ಆದರೆ ಆ ತಿಂಗಳುಗಳನ್ನು ನಿರ್ಧಾರಕ್ಕೆ ಉಪಯೋಗಿಸಬೇಕೇ ಹೊರತು ಮರೆವಿಗಲ್ಲ.

ನಳಿಕೆ ಎಂದರೇನು?

ನಳಿಕೆಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಮೂಗಿನ ಮೂಲಕ ಅನ್ನನಾಳದಲ್ಲಿ ಇಳಿಸಿ ಹೊಟ್ಟೆಗೆ ತಲುಪಿಸುವುದು ಒಂದು. ಇಂಗ್ಲೆಂಡಿನ ವೈದ್ಯ ಜಾನ್ ರೈಲ್ ಅವರ ಹೆಸರಿನಿಂದ ಇದನ್ನು ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ರೈಲ್ಸ್ ಟ್ಯೂಬ್ ಎನ್ನುತ್ತಾರೆ. ಇದು ಕೆಲವು ದಿನ ಅಥವಾ ಕೆಲವು ವಾರಗಳಿಗೆ ತಕ್ಕದ್ದು. ಹೆಚ್ಚು ಕಾಲ ಇದ್ದರೆ ಮೂಗು ಗಂಟಲುಗಳಿಗೆ ನೋವು, ಆಗಾಗ ಜಾರಿ ಹೊರಬರುವ ತೊಂದರೆ.

ಎರಡನೆಯದು, ಹೊಟ್ಟೆಯ ಮೇಲ್ಭಾಗದ ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ ನೇರವಾಗಿ ಜಠರಕ್ಕೆ ಇಡುವ ನಳಿಕೆ. ಇದನ್ನು ಪೆಗ್ ಎನ್ನುತ್ತಾರೆ. 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಮೈಕೆಲ್ ಗಾಡರರ್ ಮತ್ತು ಜೆಫ್ರಿ ಪಾನ್ಸ್ಕಿ ಎಂಬ ವೈದ್ಯರು ಶಿಶುವೊಂದಕ್ಕೆ ಮೊದಲ ಬಾರಿ ಇದನ್ನು ಮಾಡಿದರು. ಬಾಯಿಯ ಮೂಲಕ ದುರ್ಬೀನು ಇಳಿಸಿ, ಒಳಗಿನಿಂದ ಸ್ಥಳ ನೋಡಿ, ಮಂಪರು ಔಷಧ ಕೊಟ್ಟು ಮಾಡುವ ಕೆಲಸವಿದು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಉಸಿರಾಟ ದುರ್ಬಲವಾದವರಿಗೆ ದುರ್ಬೀನು ಇಲ್ಲದೆ ಎಕ್ಸ್‌ರೇ ಸಹಾಯದಿಂದ ಇಡುವ ವಿಧಾನವೂ ಇದೆ. ಅಂಗಿಯ ಕೆಳಗೆ ನಳಿಕೆ ಕಾಣುವುದಿಲ್ಲ. ನಡೆಯಬಹುದು, ಸ್ನಾನ ಮಾಡಬಹುದು, ಬಸದಿಗೆ ಬರಬಹುದು.

ಅದರ ಮಿತಿಯನ್ನೂ ತಿಳಿದಿರಬೇಕು. ನಳಿಕೆ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಜೊಲ್ಲು ಶ್ವಾಸಕೋಶಕ್ಕೆ ಜಾರುವುದನ್ನು ಪೂರ್ಣವಾಗಿ ತಡೆಯುವುದಿಲ್ಲ. ಗಾಯದ ಸೋಂಕು, ರಕ್ತಸ್ರಾವ, ಅಪರೂಪವಾಗಿ ಪ್ರಾಣಾಪಾಯವೂ ಉಂಟು. ಅದು ಕೊಡುವುದು ನೀರು, ಆಹಾರ, ಔಷಧ ಇವು ನಿಶ್ಚಿಂತೆಯಿಂದ ಹೊಟ್ಟೆ ಸೇರುವ ದಾರಿಯನ್ನು. ನಳಿಕೆ ಇಟ್ಟ ಮಾತ್ರಕ್ಕೆ ಬಾಯಿ ಮುಚ್ಚಬೇಕೆಂದಿಲ್ಲ. ಸುರಕ್ಷಿತವೆಂದು ವೈದ್ಯರು ಹೇಳುವಷ್ಟು ಕಾಲ ರುಚಿಗಾಗಿ ಸ್ವಲ್ಪ ತಿನ್ನಬಹುದು.

ಯಾವಾಗ ಎಂಬುದೇ ಮುಖ್ಯ ಪ್ರಶ್ನೆ

ಬೇಕೋ ಬೇಡವೋ ಎಂದು ನಾವು ಚರ್ಚಿಸುತ್ತೇವೆ. ಆದರೆ ಈ ಕಾಯಿಲೆಯಲ್ಲಿ ಅದಕ್ಕಿಂತ ಬೇಗ ಉತ್ತರಿಸಬೇಕಾದ ಪ್ರಶ್ನೆ "ಯಾವಾಗ" ಎಂಬುದು. ಇದಕ್ಕೆ ಎರಡು ಅಳತೆಗಳಿವೆ.

ಮೊದಲನೆಯದು ತೂಕ. 2015ರಲ್ಲಿ ಬ್ರಿಟನ್ನಿನ 24 ಕೇಂದ್ರಗಳಲ್ಲಿ ನಳಿಕೆ ಇಡಿಸಿಕೊಂಡ 330 ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ರೋಗ ಪತ್ತೆಯಾದಾಗಿನ ತೂಕದಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಕಳೆದುಕೊಂಡ ಮೇಲೆ ನಳಿಕೆ ಪಡೆದವರು, ಅಷ್ಟು ಕಳೆದುಕೊಳ್ಳದೆ ಪಡೆದವರಿಗಿಂತ ಕಡಿಮೆ ಕಾಲ ಬದುಕಿದರು. ನೂರಕ್ಕೆ 5ರಷ್ಟು ತೂಕ ಇಳಿದಾಗಲೇ ನಳಿಕೆ ಇಡುವುದು ಯೋಗ್ಯವೆಂದು ಆ ಅಧ್ಯಯನ ಸೂಚಿಸಿತು. ಇಂತಿಷ್ಟು ಆಯುಷ್ಯ ಹೆಚ್ಚುತ್ತದೆ ಎಂಬ ವಾಗ್ದಾನ ಇದಲ್ಲ. ಬಲವಿರುವಾಗ ಹೋದವರಿಗೆ ಪ್ರಯೋಜನ ಹೆಚ್ಚೆಂಬುದು ಇದರ ತಾತ್ಪರ್ಯ.

ಎರಡನೆಯದು ಉಸಿರು. ಕೊಳವೆಯೊಂದರಲ್ಲಿ ಜೋರಾಗಿ ಊದಿಸಿ ಶ್ವಾಸಕೋಶದ ಶಕ್ತಿಯನ್ನು ಅಳೆಯುತ್ತಾರೆ. ಆರೋಗ್ಯವಂತರಿಗೆ ಇರಬೇಕಾದ ಪ್ರಮಾಣದಲ್ಲಿ ನೂರಕ್ಕೆ 50ಕ್ಕಿಂತ ಕೆಳಗಿಳಿಯುವ ಮೊದಲೇ ನಳಿಕೆ ಇಡಿಸುವುದು ಕ್ಷೇಮವೆಂಬುದು ನರವೈದ್ಯರು ಬಹುಕಾಲದಿಂದ ಅನುಸರಿಸಿರುವ ಸೂತ್ರ. ಏಕೆಂದರೆ ಮಂಪರು ಔಷಧ ದುರ್ಬಲ ಉಸಿರನ್ನು ಮತ್ತಷ್ಟು ಕುಂದಿಸುತ್ತದೆ. ಆದುದರಿಂದ ಊಟ ಚೆನ್ನಾಗಿಯೇ ಸಾಗುತ್ತಿದ್ದರೂ ಉಸಿರು ಇಳಿಯುತ್ತಿದ್ದರೆ ಬೇಗ ನಿರ್ಧರಿಸಬೇಕಾಗಬಹುದು.

ನಮ್ಮ ಮನೆಯ ಲೆಕ್ಕವನ್ನು ಮುಚ್ಚಿಡದೆ ಹೇಳುತ್ತೇನೆ. ರೋಗ ತಿಳಿದಾಗ ಅಣ್ಣನವರ ತೂಕ 62 ಕಿಲೋ. ನೂರಕ್ಕೆ 5 ಎಂದರೆ 3 ಕಿಲೋ 100 ಗ್ರಾಂ. 2017ರ ನವೆಂಬರಿನಲ್ಲಿ ನನ್ನ ಅಂಗಡಿಯ ಮೆಣಸಿನ ತಕ್ಕಡಿಯಲ್ಲೇ ಅವರು ನಿಂತು ನೋಡಿದಾಗ ಮುಳ್ಳು 58 ಕಿಲೋ 500 ಗ್ರಾಂ ತೋರಿಸಿತು. ಗೆರೆ ದಾಟಿಯಾಗಿತ್ತು. ಒಂದು ಹಿಡಿ ಮೆಣಸು ಕಡಿಮೆಯಾದರೆ ಎರಡು ಸಲ ತೂಗುವವನು ನಾನು. ಅಣ್ಣನವರಲ್ಲಿ ಮೂರೂವರೆ ಕಿಲೋ ಕಡಿಮೆಯಾದದ್ದನ್ನು ಕಂಡು, "ಕಾಫಿ ಕೊಯ್ಲು ಬಂತು, ಹಿಂದೆಯೇ ಮೆಣಸು. ಎರಡೂ ಮುಗಿಯಲಿ, ಆಮೇಲೆ ಹೋಗೋಣ. ಹೇಗೂ ಊಟ ಮಾಡುತ್ತಿದ್ದೀರಲ್ಲ" ಎಂದೆ. ಅಣ್ಣನವರು ತಲೆಯಾಡಿಸಿದರು. ತಮ್ಮನ ವ್ಯಾಪಾರಕ್ಕೆ ತೊಂದರೆಯಾಗಬಾರದೆಂದು ಅವರು ಒಪ್ಪಿದ್ದರೆಂದು ಅತ್ತಿಗೆ ಆಮೇಲೆ ಹೇಳಿದರು.

2018ರ ಏಪ್ರಿಲಿನಲ್ಲಿ ನಾವು ಘಾಟಿ ಇಳಿದಾಗ ಅವರ ತೂಕ 53 ಕಿಲೋ, ಉಸಿರಿನ ಶಕ್ತಿ ನೂರಕ್ಕೆ 42. ಅರಿವಳಿಕೆ ವೈದ್ಯರು ಮೊದಲ ದಿನ ಒಪ್ಪಲಿಲ್ಲ. ಉಸಿರಿಗೆ ಸಹಾಯ ಮಾಡುವ ಬೈಪ್ಯಾಪ್ ಯಂತ್ರವನ್ನು ಮುಖಕ್ಕೆ ಕಟ್ಟಿ, ಅಪಾಯವನ್ನು ವಿವರಿಸಿ, ಸಹಿ ಪಡೆದು ನಳಿಕೆ ಇಟ್ಟರು. ನಾಲ್ಕು ದಿನಗಳಲ್ಲಿ ಮುಗಿಯಬೇಕಾದದ್ದು ಹದಿನೇಳು ದಿನಗಳಾಯಿತು. ಅನಂತರ ಅವರ ತೂಕ ಹಲವು ತಿಂಗಳು ನಿಂತಿತು, ಆದರೆ ಕಳೆದುಹೋದ ಬಲ ಮರಳಲಿಲ್ಲ. ಮೊದಲೇ ಹೋಗಿದ್ದರೆ ಇನ್ನೆಷ್ಟು ಕಾಲ ಇರುತ್ತಿದ್ದರೆಂದು ಯಾರೂ ಹೇಳಲಾರರು. ಆ ಹದಿನೇಳು ದಿನಗಳ ಕಷ್ಟ ತಪ್ಪುತ್ತಿತ್ತೆಂದು ಮಾತ್ರ ನಾನು ಬಲ್ಲೆ.

ವಯನಾಡಿನ ನಾವು ಸೌದೆಯನ್ನು ಮಳೆ ಹಿಡಿದ ಮೇಲೆ ಕೂಡಿಡುವುದಿಲ್ಲ. ಕಾಯುವುದೆಂದರೆ ನಿರ್ಧಾರ ಮಾಡದಿರುವುದಲ್ಲ, ಕಾಯುವುದೂ ಒಂದು ನಿರ್ಧಾರವೇ. ಅದನ್ನು ತಿಳಿದು ಮಾಡಬೇಕು.

ವ್ರತಕ್ಕೂ ನಳಿಕೆಗೂ ವಿರೋಧವಿದೆಯೇ?

ಅಣ್ಣನವರ ಮನಸ್ಸಿನಲ್ಲಿದ್ದ ದೊಡ್ಡ ಭಯ ನೋವಿನದಲ್ಲ. ನಳಿಕೆ ಬಂದರೆ ಹಗಲು ರಾತ್ರಿ ಯಾರು ಯಾರೋ ಏನೇನನ್ನೋ ಹೊಟ್ಟೆಗೆ ಸುರಿಯುತ್ತಾರೆ, ಮೂವತ್ತು ವರ್ಷದ ವ್ರತ ಭಂಗವಾಗುತ್ತದೆ ಎಂಬುದು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಕೇಳಿದ್ದರೆ ಅಂದೇ ಪರಿಹಾರ ಸಿಗುತ್ತಿತ್ತು.

ಆಹಾರ ತಜ್ಞೆಯೊಬ್ಬರಲ್ಲಿ ಈ ವಿಷಯ ತಿಳಿಸಿದಾಗ ಅವರು ಅಚ್ಚರಿಪಡಲಿಲ್ಲ. ಬೆಳಿಗ್ಗೆ 7, 9.30, ಮಧ್ಯಾಹ್ನ 12, 2.30 ಮತ್ತು ಸಂಜೆ 5 ಗಂಟೆ ಹೀಗೆ ಐದು ಹೊತ್ತು ಹಂಚಿ, ಪ್ರತಿ ಹೊತ್ತಿಗೂ ಸುಮಾರು 250ರಿಂದ 300 ಮಿಲಿಲೀಟರ್ ಕೊಡುವ ಕ್ರಮ ಬರೆದುಕೊಟ್ಟರು. ಸೂರ್ಯಾಸ್ತದೊಳಗೆ ಎಲ್ಲವೂ ಮುಗಿಯುತ್ತಿತ್ತು. ಬಾಯಿಯಿಂದ ಉಣ್ಣುವಾಗ ಸಾಧ್ಯವಾಗದೆ ಹೋದ ವ್ರತಪಾಲನೆ ನಳಿಕೆಯಿಂದ ಸುಲಭವಾಯಿತು. ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು ಬಗೆ, ತಜ್ಞರನ್ನು ಕೇಳಿಯೇ ನಡೆಯಬೇಕು. ರಾತ್ರಿಯಲ್ಲಿ ಔಷಧ ಅಥವಾ ನೀರು ಅನಿವಾರ್ಯವಾದರೆ ಏನು ಮಾಡಬೇಕೆಂಬುದನ್ನು ವೈದ್ಯರೊಡನೆಯೂ ಗುರುಗಳೊಡನೆಯೂ ಮೊದಲೇ ಕೇಳಿಟ್ಟುಕೊಳ್ಳುವುದು ಒಳಿತು.

ಆಹಾರದ ಶುದ್ಧಿಯ ವಿಷಯ. ಅಂಗಡಿಯಲ್ಲಿ ದೊರೆಯುವ ಪೌಷ್ಟಿಕ ಪುಡಿಗಳು ಹೆಚ್ಚಾಗಿ ಹಾಲಿನ ಅಥವಾ ಸೋಯಾದ ಸತ್ತ್ವದಿಂದ ಆದವು. ಆದರೆ ಕೆಲವದರಲ್ಲಿ ಮೀನೆಣ್ಣೆ ಇರುತ್ತದೆ, ಕೆಲವು ಔಷಧದ ಗುಳಿಗೆಗಳ ಕವಚ ಪ್ರಾಣಿಜನ್ಯ ಜೆಲಟಿನ್‌ನಿಂದ ಆಗಿರುತ್ತದೆ. ಡಬ್ಬಿಯ ಮೇಲಿನ ಹಸಿರು ಗುರುತನ್ನೂ ಒಳಗಿನ ಪದಾರ್ಥಗಳ ಪಟ್ಟಿಯನ್ನೂ ಓದಬೇಕು. ಕಂದಮೂಲವಿಲ್ಲದೆ ರಾಗಿ ಗಂಜಿ, ಹೆಸರುಬೇಳೆಯ ಕಟ್ಟು, ಹಾಲು ಇವುಗಳನ್ನು ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ ಕೊಡಬಹುದು. ಮನೆಯ ಗಂಜಿಯೊಂದರಿಂದಲೇ ಬೇಕಾದಷ್ಟು ಪುಷ್ಟಿ ದೊರೆಯುವುದು ಕಷ್ಟ, ಆದುದರಿಂದ ಪುಡಿಯನ್ನೂ ಸೇರಿಸಬೇಕೆಂದು ನಮಗೆ ಹೇಳಿದ್ದರು. ಕಾಯಿಸಿ ಸೋಸಿದ ನೀರು ನಮ್ಮಲ್ಲಿ ರೂಢಿಯೇ ಆಗಿದೆ, ನಳಿಕೆಗೂ ಅದೇ ಉತ್ತಮ.

ಸಲ್ಲೇಖನದ ಹೆಸರನ್ನು ವಿವೇಚನೆಯಿಂದ ಬಳಸೋಣ

ಅಣ್ಣನವರ ಊಟ ಕಡಿಮೆಯಾದಾಗ, "ಇದನ್ನೇ ಸಲ್ಲೇಖನವೆಂದು ಭಾವಿಸಿ ಬಿಟ್ಟುಬಿಡಿ" ಎಂದವರೂ ಇದ್ದರು. ಅವರ ಮನಸ್ಸು ಒಳ್ಳೆಯದೇ. ಆದರೆ ಈ ಮಾತು ಸರಿಯಲ್ಲವೆಂದು ವಿನಯದಿಂದ ಹೇಳಬೇಕಾಗಿದೆ.

ತಡೆಯಲಾಗದ ಉಪಸರ್ಗ, ದುರ್ಭಿಕ್ಷ, ಮುಪ್ಪು, ಪರಿಹಾರವಿಲ್ಲದ ರೋಗ ಇವು ಬಂದಾಗ ಧರ್ಮಕ್ಕಾಗಿ ಶರೀರವನ್ನು ತೊರೆಯುವುದು ಸಲ್ಲೇಖನವೆಂದು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಅದು ಎಚ್ಚರದ ಮನಸ್ಸಿನಿಂದ, ಸ್ವಂತ ಸಂಕಲ್ಪದಿಂದ, ಗುರುಗಳ ಅನುಜ್ಞೆಯಿಂದ, ಕ್ರಮಕ್ರಮವಾಗಿ ಕೈಗೊಳ್ಳುವ ವ್ರತ. ತತ್ತ್ವಾರ್ಥಸೂತ್ರವು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಬದುಕಬೇಕೆಂಬ ಆಸೆಯನ್ನು ಹೇಗೋ ಹಾಗೆಯೇ ಬೇಗ ಸಾಯಬೇಕೆಂಬ ಆಸೆಯನ್ನೂ ದೋಷವೆಂದೇ ಗಣಿಸಿದೆ. ಹೀಗಿರುವಾಗ ನುಂಗಲಾರದೆ ಹಸಿದು ಕೂತವನ ಹಸಿವನ್ನು ವ್ರತವೆನ್ನುವುದು ಹೇಗೆ? ಒಂದು ದಿನ ಅಣ್ಣನವರು ಸ್ಲೇಟಿನ ಮೇಲೆ, "ನಾಲಗೆ ಹೋಯಿತು, ಹಸಿವು ಹೋಗಿಲ್ಲ" ಎಂದು ಬರೆದು ತೋರಿಸಿದರು. ಆ ಸ್ಲೇಟನ್ನು ಕಂಡ ಮೇಲೆ ನಮ್ಮ ಮನೆಯಲ್ಲಿ ಆ ಚರ್ಚೆ ನಿಂತಿತು.

ಮನೆಯವರು ಇನ್ನೊಬ್ಬರ ಪರವಾಗಿ ಸಲ್ಲೇಖನವನ್ನು ಕೈಗೊಳ್ಳಲು ಬರುವುದಿಲ್ಲ. ಹಾಗೆಯೇ ನಳಿಕೆ ಇಡಿಸಿಕೊಂಡವರನ್ನು ಶರೀರದ ಮೋಹಿಗಳೆಂದು ಆಕ್ಷೇಪಿಸುವುದೂ ಸಲ್ಲದು. ಸ್ವಾಧ್ಯಾಯಕ್ಕೆ, ಕ್ಷಮಾಪಣೆಗೆ, ಸಾಲ ಸೋಲಗಳನ್ನು ತೀರಿಸಲಿಕ್ಕೆ ಸಮಯ ಬೇಕೆನ್ನುವವರಿಗೆ ನಳಿಕೆ ಸಾಧನವಾಗುತ್ತದೆ.

2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಂಥಾರಾ ವ್ರತವನ್ನು ಅಪರಾಧವೆಂದು ತೀರ್ಪು ಕೊಟ್ಟದ್ದೂ, ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿದ್ದೂ ನಮಗೆಲ್ಲ ನೆನಪಿದೆ. ವ್ರತದ ಗೌರವವನ್ನು ಕಾಯಲು ನಾವು ಬೀದಿಗಿಳಿದವರು. ಆ ಗೌರವ ಉಳಿಯಬೇಕಾದರೆ ನಮ್ಮ ತಡಕ್ಕೂ ಅಂಜಿಕೆಗೂ ಅದರ ಹೆಸರನ್ನು ಇಡಬಾರದು.

ಬೇಡವೆನ್ನುವುದಕ್ಕೂ ಅವಕಾಶವಿದೆ

ಎಲ್ಲರೂ ನಳಿಕೆ ಇಡಿಸಲೇಬೇಕೆಂದು ನಾನು ಹೇಳುತ್ತಿಲ್ಲ. ವಿಷಯವನ್ನು ತಿಳಿದು, ಸ್ವಸ್ಥ ಮನಸ್ಸಿನಿಂದ ಬೇಡವೆನ್ನುವವರ ಮಾತನ್ನು ಮನ್ನಿಸಬೇಕು. ಅಂಥವರಿಗೆ ಆರೈಕೆ ನಿಲ್ಲುವುದಿಲ್ಲ. ಬಾಯಿ ಒಣಗದಂತೆ ಒದ್ದೆ ಮಾಡುವುದು, ಇಷ್ಟವಾದದ್ದನ್ನು ಹನಿಹನಿಯಾಗಿ ಕೊಡುವುದು, ಉಸಿರಿನ ಕಷ್ಟಕ್ಕೂ ನೋವಿಗೂ ಔಷಧ ಕೊಡುವುದು ಇವೆಲ್ಲ ಮುಂದುವರಿಯುತ್ತವೆ. ನಳಿಕೆ ಇಟ್ಟ ಮೇಲೂ, ಮುಂದೊಂದು ದಿನ ಅದರಿಂದ ಸುಖಕ್ಕಿಂತ ಸಂಕಟವೇ ಹೆಚ್ಚಾದರೆ, ನಿಲ್ಲಿಸುವ ವಿಷಯವನ್ನು ವೈದ್ಯರೊಡನೆ ಚರ್ಚಿಸಬಹುದು.

ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು, ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮುಂಚಿತವಾಗಿ ಇಚ್ಛೆಯನ್ನು ಬರೆದಿಡುವ ಹಕ್ಕನ್ನು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಾನು ಮಾತನಾಡಲಾರದಾಗ ಯಾರು ನಿರ್ಧರಿಸಬೇಕೆಂದೂ ಅದರಲ್ಲಿ ಬರೆಯಬಹುದು. ಮಾತು ಹೋಗುವ ಕಾಯಿಲೆಯಲ್ಲಿ ಇದು ಎಷ್ಟು ಅಗತ್ಯವೆಂದು ಬೇರೆ ಹೇಳಬೇಕಿಲ್ಲ.

ಎಲ್ಲ ಕಾಯಿಲೆಗೂ ಒಂದೇ ಉತ್ತರವಲ್ಲ

ಮುಪ್ಪಿನ ಮರೆವಿನ ಕಾಯಿಲೆ ಕೊನೆಯ ಹಂತ ತಲುಪಿದವರಿಗೆ ನಳಿಕೆ ಇಡುವುದರಿಂದ ಆಯುಷ್ಯ ಹೆಚ್ಚುವುದೂ ಇಲ್ಲ, ನ್ಯುಮೋನಿಯ ತಪ್ಪುವುದೂ ಇಲ್ಲ ಎಂಬುದು ತಜ್ಞರ ಅಭಿಪ್ರಾಯ. ಅಮೆರಿಕದ ವೃದ್ಧವೈದ್ಯರ ಸಂಘವು 2014ರಲ್ಲಿ ಇಂಥವರಿಗೆ ನಳಿಕೆಯ ಬದಲು ತಾಳ್ಮೆಯಿಂದ ಕೈತುತ್ತು ಕೊಡುವುದೇ ಮೇಲೆಂದು ಹೇಳಿತು. ಪಾರ್ಶ್ವವಾಯುವಿನಲ್ಲಿ ಹಲವರಿಗೆ ನುಂಗುವ ಶಕ್ತಿ ವಾರಗಳಲ್ಲಿ ಮರಳುತ್ತದೆ, ಆದುದರಿಂದ ಮೊದಲು ಮೂಗಿನ ನಳಿಕೆ ಇಟ್ಟು ಕಾದು ನೋಡುತ್ತಾರೆ. ಪಕ್ಕದ ಮನೆಯವರ ಅನುಭವವನ್ನು ನಮ್ಮ ಮನೆಯ ಕಾಯಿಲೆಗೆ ಹಾಗೆಯೇ ಅನ್ವಯಿಸಬಾರದು. ಈ ಲೇಖನಕ್ಕೂ ಆ ಮಾತು ಅನ್ವಯಿಸುತ್ತದೆ.

ಮನೆಯ ಆರೈಕೆ

ನಳಿಕೆಯ ಆರೈಕೆಯನ್ನು ಅತ್ತಿಗೆ ಒಂದು ವಾರದಲ್ಲಿ ಕಲಿತರು. ಕೊಡುವಾಗಲೂ, ಅನಂತರ ಮುಕ್ಕಾಲು ಗಂಟೆಯಾದರೂ, ಬೆನ್ನು ತಲೆ ಎತ್ತರದಲ್ಲಿರಬೇಕು. ಆಹಾರಕ್ಕೆ ಮೊದಲು ಮತ್ತು ನಂತರ ಸುಮಾರು 30 ಮಿಲಿಲೀಟರ್ ನೀರು ಹಾಯಿಸಬೇಕು, ಇಲ್ಲವಾದರೆ ನಳಿಕೆ ಕಟ್ಟಿಕೊಳ್ಳುತ್ತದೆ. ಎಲ್ಲ ಮಾತ್ರೆಗಳನ್ನೂ ಪುಡಿ ಮಾಡಬಾರದು. ನಿಧಾನವಾಗಿ ಕರಗುವ ಬಗೆಯವನ್ನು ಪುಡಿ ಮಾಡಿದರೆ ಅಪಾಯ. ಸುತ್ತಲಿನ ಚರ್ಮವನ್ನು ದಿನವೂ ಶುಚಿ ಮಾಡಿ ಒಣಗಿಸಬೇಕು. ನಳಿಕೆ ಕಳಚಿ ಬಂದರೆ ರಂಧ್ರ ಕೆಲವೇ ಗಂಟೆಗಳಲ್ಲಿ ಕಿರಿದಾಗುತ್ತದೆ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮೊದಲ ಕೆಲವು ವಾರಗಳಲ್ಲಿ ಹಾಗಾದರೆ ಮನೆಯಲ್ಲಿ ಮತ್ತೆ ತೂರಿಸುವ ಸಾಹಸ ಮಾಡಲೇಬಾರದು.

ನಮ್ಮ ನಾಡಿನಲ್ಲಿ ಇದಕ್ಕೆ ಇನ್ನೊಂದು ಎಚ್ಚರ ಬೇಕು. ತಾಮರಶ್ಶೇರಿ ಘಾಟಿಯ 9 ತಿರುವುಗಳು ಮಳೆಗಾಲದಲ್ಲಿ ಎಂದು ಮುಚ್ಚುವುವೋ ಹೇಳಲಾಗದು. ಬಂಡೀಪುರದ ದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಇಲ್ಲ. ನಳಿಕೆ ಬದಲಿಸಬಲ್ಲ ಹತ್ತಿರದ ಆಸ್ಪತ್ರೆ ಯಾವುದು, ಆಂಬುಲೆನ್ಸ್ ಯಾರಲ್ಲಿದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. 2018ರ ಆಗಸ್ಟಿನ ಪ್ರವಾಹದಲ್ಲಿ ಗುಡ್ಡಗಳು ಕುಸಿದು ದಾರಿಗಳು ಕಡಿದಾಗ, ಕರೆಂಟು ಇಲ್ಲದೆ ಅತ್ತಿಗೆ ರಾಗಿಯನ್ನು ಕೈಯಲ್ಲೇ ಕಿವುಚಿ ಸೋಸಿ ಕೊಟ್ಟರು. ನಳಿಕೆ ಇದ್ದುದರಿಂದ ಆ ದಿನಗಳು ಕಳೆದವು.

1993ರಲ್ಲಿ ಕೋಯಿಕ್ಕೋಡಿನಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಕಾರ್ಯವು 2008ರಲ್ಲಿ ಕೇರಳ ಸರಕಾರದ ನೀತಿಯೇ ಆಯಿತು. ಪಂಚಾಯಿತಿಯ ದಾದಿಯರು ಮನೆಗೆ ಬಂದು ನೋಡುತ್ತಾರೆ. ನಮ್ಮ ಮನೆಗೆ ಬರುತ್ತಿದ್ದ ದಾದಿಗೆ ಮಲಯಾಳ ಮಾತ್ರ ಓದಲು ಬರುತ್ತಿತ್ತು, ಅಣ್ಣನವರ ಕೈ ಕನ್ನಡವನ್ನು ಮಾತ್ರ ಬರೆಯುತ್ತಿತ್ತು. ಅವರು ಬರೆದ "ನೋವು" ಎಂಬ ಪದವನ್ನು ಓದಲಾಗದೆ ಆಕೆ ಕಣ್ಣೀರು ಹಾಕಿದ ದಿನವುಂಟು. ಆಮೇಲೆ ಮೊಮ್ಮಗಳು ಒಂದು ರಟ್ಟಿನ ಮೇಲೆ ನೋವು, ಬಾಯಾರಿಕೆ, ಉಸಿರು, ಮಗ್ಗುಲು, ಸಾಕು ಎಂಬ ಪದಗಳನ್ನು ಎರಡೂ ಲಿಪಿಗಳಲ್ಲಿ ಬರೆದು ಚಿತ್ರ ಅಂಟಿಸಿದಳು. ಅಣ್ಣನವರು ಬೆರಳಿಡುತ್ತಿದ್ದರು, ಬೆರಳು ಸೋತ ಮೇಲೆ ಕಣ್ಣಿನಿಂದ ತೋರಿಸುತ್ತಿದ್ದರು. ಎರಡು ಭಾಷೆಯ ಮನೆಗಳಲ್ಲಿ ಇಂಥ ರಟ್ಟನ್ನು ಮಾತು ಇರುವಾಗಲೇ, ರೋಗಿಯನ್ನೇ ಕೇಳಿ ಸಿದ್ಧಪಡಿಸಬೇಕು.

ಮನೆಯಲ್ಲಿ ಕುಳಿತು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ರೋಗ ತಿಳಿದ ದಿನದ ತೂಕವನ್ನು ಬರೆದಿಟ್ಟಿದ್ದೇವೆಯೇ? ನೂರಕ್ಕೆ 5 ಎಂದರೆ ಎಷ್ಟು ಕಿಲೋ? ವಾರಕ್ಕೊಮ್ಮೆ ತೂಗುವವರು ಯಾರು?
2. ಉಸಿರಿನ ಪರೀಕ್ಷೆ ಕೊನೆಯ ಬಾರಿ ಆದದ್ದು ಯಾವಾಗ?
3. ಊಟಕ್ಕೆ ಎಷ್ಟು ಹೊತ್ತು ಹಿಡಿಯುತ್ತಿದೆ? ನೀರು ಕುಡಿದಾಗ ಕೆಮ್ಮು ಬರುತ್ತಿದೆಯೇ?
4. ರೋಗಿಗೆ ಯಾವುದರ ಭಯ? ನೋವಿನದೇ, ವ್ರತದ್ದೇ, ಖರ್ಚಿನದೇ, ಇತರರಿಗೆ ಹೊರೆಯಾಗುವುದೇ? ಅವರ ಬಾಯಿಂದಲೇ ಕೇಳಿದ್ದೇವೆಯೇ?
5. ಯಾವ ಸ್ಥಿತಿ ಬಂದರೆ ಏನು ಬೇಕು, ಏನು ಬೇಡ ಎಂದು ಅವರು ಬರೆದಿಟ್ಟಿದ್ದಾರೆಯೇ?
6. "ಇದೊಂದು ಮುಗಿಯಲಿ, ಆಮೇಲೆ" ಎನ್ನುತ್ತಿರುವವರು ಯಾರು? ಅದು ಯಾರ ಅನುಕೂಲಕ್ಕೆ?

ಮುಕ್ತಾಯ

ನಳಿಕೆ ಇಟ್ಟ ಮೇಲೆ ಅಣ್ಣನವರು ಹನ್ನೊಂದು ತಿಂಗಳು ನಮ್ಮೊಡನಿದ್ದರು. ಆ ವರ್ಷದ ದಶಲಕ್ಷಣ ಪರ್ವದಲ್ಲಿ ಕ್ಷಮಾ ದಿನದಂದು, ಹನ್ನೆರಡು ವರ್ಷ ಮಾತು ಬಿಟ್ಟಿದ್ದ ದಾಯಾದಿಯನ್ನು ಕರೆಸಿ ಕೈ ಜೋಡಿಸಿದರು. ಹಬ್ಬದ ದಿನ ವೈದ್ಯರ ಒಪ್ಪಿಗೆಯಿಂದ ಅತ್ತಿಗೆ ಹೆಸರುಬೇಳೆ ಪಾಯಸದ ಒಂದು ಹನಿಯನ್ನು ಅವರ ನಾಲಗೆಯ ಮೇಲಿಟ್ಟರು. ಕೃತಕ ಉಸಿರಾಟದ ಯಂತ್ರ ತನಗೆ ಬೇಡವೆಂದು ಅವರೇ ಬರೆದುಕೊಟ್ಟಿದ್ದರು. ಅದರಂತೆಯೇ 2019ರ ಮಾರ್ಚಿನಲ್ಲಿ, ಮನೆಯಲ್ಲೇ, ಣಮೋಕಾರ ಮಂತ್ರವನ್ನು ಕೇಳುತ್ತ ತೀರಿಕೊಂಡರು.

ಆ ವರ್ಷವೂ ಮೆಣಸಿನ ಕೊಯ್ಲು ನಡೆದಿತ್ತು. ನಾನು ಅಂಗಡಿ ಮುಚ್ಚಿ ಮನೆಯಲ್ಲಿದ್ದೆ. ವ್ಯಾಪಾರ ಎಲ್ಲಿಗೂ ಹೋಗಲಿಲ್ಲ. ಹಿಂದಿನ ವರ್ಷವೂ ಹೋಗುತ್ತಿರಲಿಲ್ಲ.

ಈ ಬರಹದಲ್ಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಬೇಕೆಂದು ಕೋರುತ್ತೇನೆ. ಮನ, ವಚನ, ಕಾಯಗಳಿಂದ ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಕ್ಷಮೆ ಯಾಚಿಸುತ್ತೇನೆ. ಸರ್ವರಿಗೂ ಮಂಗಳವಾಗಲಿ.

ಜಯ ಜಿನೇಂದ್ರ.